ಜಲಜನಕ ಹುಡುಕಲು ನೀರಿಗಿಳಿದ ಆಂಟೆನಾ: ನನ್ನ ಅನುಭವ

ಮೊದಲ ನಕ್ಷತ್ರಗಳ ಕಾಲದ ಜಲಜನಕದ ಕ್ಷೀಣ ರೇಡಿಯೋ ಸಂಕೇತವನ್ನು ಮನೆಯಲ್ಲಿ ಮಾಡಿದ ಆಂಟೆನಾದಲ್ಲಿ ಹುಡುಕಲು ಹೊರಟವನು ನಾನು. ಕೊನೆಗೂ ಗೆರೆ ನುಣುಪಾಗಿ ಬಂತು. 55ರಿಂದ 85 ಮೆಗಾಹರ್ಟ್ಸ್‌ವರೆಗಿನ ಆಕಾಶದ ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಎಂಬ ಗ್ರಾಫ್), ಹನ್ನೊಂದು ರಾತ್ರಿಗಳ ಸರಾಸರಿ. ನಡುವೆ ಗುಂಡಿ ಇಲ್ಲ, ಉಬ್ಬು ಇಲ್ಲ. ಆಕಾಶದ ಸಹಜ ಇಳಿಜಾರನ್ನು (ಲಾಗ್-ಲಾಗ್‌ನಲ್ಲಿ ಮೂರು ಪದಗಳ ವಕ್ರರೇಖೆ) ಕಳೆದರೆ ಉಳಿಯುವುದು ಹೆಚ್ಚುಕಡಿಮೆ 3-4 ಕೆಲ್ವಿನ್ (ರೇಡಿಯೋ ಶಕ್ತಿಯನ್ನು ತಾಪಮಾನದಲ್ಲಿ ಹೇಳುವುದು ಇಲ್ಲಿನ ರೂಢಿ). ಆಕಾಶವೇ 2,000 ಕೆಲ್ವಿನ್ ಆಸುಪಾಸಿನಲ್ಲಿ ಉರಿಯುವ ಕಡೆ ಅದು ಸಾವಿರಕ್ಕೆ ಎರಡು ಪಾಲು. ಕೈಯಲ್ಲಿ ಬಡಿದ ತಗಡಿನ ಶಂಕು, ಥರ್ಮಾಕೋಲ್ ತೆಪ್ಪ, ಎರಡು ಬ್ಯಾಟರಿ ಇಟ್ಟುಕೊಂಡು ಇಷ್ಟಕ್ಕೆ ಬಂದಿದ್ದೇನೆ. ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ.

ಮೂರೂವರೆ ವರ್ಷದ ಹಿಂದೆ ಈ ಶಂಕುವಿನ ಎಸ್11 ಗ್ರಾಫ್ (ಆಂಟೆನಾಗೆ ಕೊಟ್ಟ ಶಕ್ತಿಯಲ್ಲಿ ಎಷ್ಟು ವಾಪಸ್ ಬರುತ್ತದೆ ಎಂಬ ಅಳತೆ) ತೋರಿಸಿದಾಗ ನಮ್ಮ ಗುಂಪಿನ ಹಿರಿಯ ಹ್ಯಾಮ್ (ಹವ್ಯಾಸಿ ರೇಡಿಯೋದವರು) ಒಬ್ಬರು, "ಮೈನಸ್ 1 ಡಿಬಿ! ಇದು ಆಂಟೆನಾ ಅಲ್ಲಪ್ಪಾ, ಬರೀ ತಗಡು. ಮೊದಲು ಮ್ಯಾಚ್ ಮಾಡಿಕೊಂಡು ಬಾ" ಎಂದಿದ್ದರು. ನಲವತ್ತು ವರ್ಷ ಆಂಟೆನಾ ಕಟ್ಟಿದ ಕೈ ಅವರದು, ಮಾತಿಗೆ ತೂಕ ಇತ್ತು. ಉಳಿದವರೂ ತಲೆಯಾಡಿಸಿದರು. ಮ್ಯಾಚ್ ಅಂದರೆ ಶಕ್ತಿ ವಾಪಸ್ ಹೋಗದ ಹಾಗೆ ಆಂಟೆನಾ ಹೊಂದಿಸುವುದು. ನಾನು ಮ್ಯಾಚ್ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಅನ್ನುವುದರಲ್ಲೇ ಈ ಕಥೆಯ ಜೀವ ಇದೆ. ಅದಕ್ಕೆ ಬರುತ್ತೇನೆ.

ಸಿದ್ಧಾಂತ ಚುಟುಕಾಗಿ ಇಷ್ಟು. ಜಲಜನಕದ ಗುರುತಾದ 1420.4 ಮೆಗಾಹರ್ಟ್ಸ್‌ನ ರೇಡಿಯೋ ಗೆರೆ, ಬ್ರಹ್ಮಾಂಡದ ಜೊತೆ ಹಿಗ್ಗಿ ಹಿಗ್ಗಿ ನಮ್ಮ ಹತ್ತಿರ ಬರುವಷ್ಟರಲ್ಲಿ ಎಫ್‌ಎಂ ಪಟ್ಟಿಗಿಂತ ಕೆಳಗೆ ಇಳಿದಿರುತ್ತದೆ. 55-85 ಅಂದರೆ ಕೆಂಪುಪಲ್ಲಟ (ಅಲೆ ಎಷ್ಟು ಹಿಗ್ಗಿದೆ ಎಂಬ ಅಳತೆ) ಸುಮಾರು 25ರಿಂದ 16, ಮಹಾಸ್ಫೋಟದ ನಂತರ ಸುಮಾರು 13ರಿಂದ 25 ಕೋಟಿ ವರ್ಷದ ಕಾಲ. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಹೊತ್ತು. ಆ ಕಾಲದ ಜಲಜನಕದ ಏರಿಳಿತದ ಚಿತ್ರ ಬೇಕು ಅಂದರೆ ದಕ್ಷಿಣ ಆಫ್ರಿಕಾದ ಹೀರಾ ರೇಡಿಯೋ ದೂರದರ್ಶಕದಂತೆ 14 ಮೀಟರಿನ 350 ಡಿಶ್‌ಗಳನ್ನು ಒತ್ತೊತ್ತಾಗಿ ನೆಡಬೇಕು. ಆದರೆ ಇಡೀ ಆಕಾಶದ ಸರಾಸರಿ ಸಂಕೇತ ಬೇಕು ಅಂದರೆ ಒಂದೇ ಆಂಟೆನಾ ಸಾಕು. ಸಂಕೇತ ಎಲ್ಲ ದಿಕ್ಕಿನಲ್ಲೂ ಒಂದೇ ಆದ್ದರಿಂದ ಡಿಶ್ ದೊಡ್ಡದಾದರೆ ಲಾಭ ಏನೂ ಇಲ್ಲ. ನಮ್ಮಂಥವರು ಈ ಅಂಗಳಕ್ಕೆ ಕಾಲಿಡಲು ಇರುವ ಬಾಗಿಲು ಅದೊಂದೇ. ಆ ಸಂಕೇತ ಸ್ಪೆಕ್ಟ್ರಮ್‌ನಲ್ಲಿ ಅಗಲವಾದ ಗುಂಡಿಯಾಗಿ ಕಾಣಬೇಕು, ಸೈದ್ಧಾಂತಿಕವಾಗಿ ಅದರ ಆಳ ಹೆಚ್ಚೆಂದರೆ 0.2 ಕೆಲ್ವಿನ್. ನಾನು ನಿಂತಿರುವುದು 3 ಕೆಲ್ವಿನ್‌ನಲ್ಲಿ. ಸಂಕೇತ ಸಿಕ್ಕಿತು ಅಂತ ಬರೆಯುತ್ತಿಲ್ಲ, ಅದನ್ನು ಹುಡುಕುವ ಮೆಟ್ಟಿಲ ಬುಡಕ್ಕೆ ಮನೆಯ ಸಾಮಾನಿನಲ್ಲೇ ಬರಬಹುದು ಅಂತ ಬರೆಯುತ್ತಿದ್ದೇನೆ.

ಶುರು ಮಾಡಿದ್ದು ಎಲ್ಲರ ಹಾಗೇ, 1420 ಮೆಗಾಹರ್ಟ್ಸ್‌ನ ಹಾರ್ನ್‌ನಿಂದ (ಕಹಳೆಯ ಬಾಯಿಯಂಥ ಆಂಟೆನಾ). ರಟ್ಟು, ಅಲ್ಯೂಮಿನಿಯಂ ಫಾಯಿಲ್, ಡಬ್ಬಿಯೊಳಗೆ ಪ್ರೋಬ್, ಡಾಂಗಲ್ (ಕಂಪ್ಯೂಟರ್‌ಗೆ ಚುಚ್ಚುವ ಅಗ್ಗದ ರೇಡಿಯೋ ರಿಸೀವರ್). ಮೂರನೇ ರಾತ್ರಿಯೇ ಆಕಾಶಗಂಗೆಯ ಜಲಜನಕ ಗೋಪುರದ ಹಾಗೆ ಎದ್ದು ನಿಂತಿತು, ಅದರ ಸುರುಳಿ ತೋಳುಗಳ ವೇಗ ಕೂಡ ಬೇರೆ ಬೇರೆಯಾಗಿ ಕಂಡಿತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಈಗ ಅದು ಶಾಲಾ ಮಕ್ಕಳೂ ಮಾಡುವ ಕೆಲಸ. ಒಂದು ವಿಷಯ ಮಾತ್ರ ಹೇಳಬೇಕು. 1951ರ ಮಾರ್ಚ್ 25ರಂದು ಭೌತವಿಜ್ಞಾನಿಗಳಾದ ಯೂಯೆನ್ ಮತ್ತು ಪರ್ಸೆಲ್ ಈ ಗೆರೆಯನ್ನು ಮೊದಲ ಸಲ ಹಿಡಿದದ್ದು ಪ್ಲೈವುಡ್‌ಗೆ ತಾಮ್ರದ ತಗಡು ಹೊದಿಸಿ ಹಾರ್ವರ್ಡ್‌ನ ಕಿಟಕಿಯಿಂದ ಹೊರಗೆ ಚಾಚಿದ ಹಾರ್ನ್‌ನಲ್ಲಿ, 500 ಡಾಲರ್ ಅನುದಾನದಲ್ಲಿ. ಅವರು ರಿಸೀವರನ್ನು ಗೆರೆಯ ಮೇಲೊಮ್ಮೆ, ಪಕ್ಕಕ್ಕೊಮ್ಮೆ ಹಾರಿಸಿ ಎರಡರ ವ್ಯತ್ಯಾಸ ನೋಡಿದರು. ಗೆರೆ ಕಿರಿದಾಗಿದ್ದರೆ ಆ ಉಪಾಯ ನಡೆಯುತ್ತದೆ. ಆದಿಕಾಲದ ಜಲಜನಕದ ಗುಂಡಿ ಹತ್ತಿಪ್ಪತ್ತು ಮೆಗಾಹರ್ಟ್ಸ್ ಅಗಲ. ಪಕ್ಕಕ್ಕೆ ಹಾರಲು ಜಾಗವೇ ಇಲ್ಲ. ಹಾರ್ನ್‌ನಲ್ಲಿ ಕಲಿತ ವಿದ್ಯೆಯೆಲ್ಲ ಇಲ್ಲಿ ಕೈಕೊಟ್ಟಿತು.

ಹಣದ ಲೆಕ್ಕವನ್ನು ಡಾಂಗಲ್‌ಗಳಲ್ಲಿ ಹೇಳುತ್ತೇನೆ. ಒಂದು ಒಳ್ಳೆಯ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ನ ಬೆಲೆ ಒಂದು ಎಂದಿಟ್ಟುಕೊಳ್ಳಿ. ಮೊದಲ ವರ್ಷ ಸುಮಾರು ಇಪ್ಪತ್ತು ಡಾಂಗಲ್‌ನಷ್ಟು ಸುರಿದೆ, ಅದರಲ್ಲಿ ಇವತ್ತಿಗೂ ಉಪಯೋಗಕ್ಕೆ ಬರುತ್ತಿರುವುದು ಐದರಷ್ಟು ಮಾತ್ರ. ಡಾಂಗಲ್‌ನಲ್ಲೇ ಮಾಡಿ ತೋರಿಸುತ್ತೇನೆ ಅನ್ನುವ ಹಟ ಹಿಡಿದದ್ದೇ ತಪ್ಪು. 8 ಬಿಟ್‌ನ ಎಡಿಸಿ (ಸಂಕೇತವನ್ನು ಅಂಕಿಗಳಾಗಿಸುವ ಚಿಪ್), ಪಕ್ಕದಲ್ಲೇ ಎಫ್‌ಎಂ. ಎಲ್ಲೋ ದೂರದ ಸ್ಟೇಷನ್ ಕೂಡ ಆಕಾಶಕ್ಕಿಂತ ಸಾವಿರಾರು ಪಟ್ಟು ಜೋರು. ಎಫ್‌ಎಂ ತಡೆಯುವ ಫಿಲ್ಟರ್ ಹಾಕಿದೆ, ಫಿಲ್ಟರ್‌ನ ಅಂಚು 80ರಿಂದಲೇ ಬಾಗತೊಡಗಿತು. ಇನ್ನೊಂದು ಫಿಲ್ಟರ್ ತಂದೆ. ಆಮೇಲೆ 57.6 ಮೆಗಾಹರ್ಟ್ಸ್‌ನಲ್ಲಿ ಮೊಳೆಯಂಥ ಒಂದು ಚೂಪು ಗೆರೆ ಯಾವಾಗಲೂ ನಿಂತಿರುತ್ತಿತ್ತು. ಊರೆಲ್ಲ ಶತ್ರುಗಳು ಅಂತ ಹುಡುಕಿದ ಮೇಲೆ ಗೊತ್ತಾಯಿತು, ಅದು ಡಾಂಗಲ್‌ನೊಳಗಿನ 28.8 ಮೆಗಾಹರ್ಟ್ಸ್ ಕ್ರಿಸ್ಟಲ್‌ನ ಎರಡರಷ್ಟು. 86.4ರಲ್ಲಿ ಮೂರರಷ್ಟು ಕೂಡ ಇತ್ತು. ಇದಕ್ಕಿಂತ ದೊಡ್ಡ ತೊಂದರೆ ಹೊಲಿಗೆಯದು. ಒಂದು ಸಲಕ್ಕೆ 2 ಮೆಗಾಹರ್ಟ್ಸ್ ಮಾತ್ರ ಸಿಗುವುದರಿಂದ ಹದಿನೈದು ತುಂಡು ಹೊಲಿದು 30 ಮೆಗಾಹರ್ಟ್ಸ್ ಮಾಡಬೇಕು. ಪ್ರತಿ ಹೊಲಿಗೆಯಲ್ಲೂ ಒಂದು ಮೆಟ್ಟಿಲು. ಸಾವಿರಕ್ಕೆ ಎರಡು ಪಾಲಿನ ನುಣುಪು ಬೇಕಾದ ಕಡೆ ನೂರಕ್ಕೆ ಮೂರರ ಮೆಟ್ಟಿಲು. ಎಂಟು ತಿಂಗಳು ಮೆಟ್ಟಿಲು ಉಜ್ಜಿ, ಕೈಬಿಟ್ಟೆ.

ಆಗ ಕೊಂಡದ್ದು 14 ಬಿಟ್‌ನ ಎಡಿಸಿ ಬೋರ್ಡ್, ಯಾರೋ ಬಳಸಿ ಬಿಟ್ಟದ್ದು. ಸೆಕೆಂಡಿಗೆ 25 ಕೋಟಿ ಸ್ಯಾಂಪಲ್, 0ಯಿಂದ 125ರವರೆಗೆ ಒಂದೇ ಏಟಿಗೆ. ಅದರ ಮೇಲಿನ ಎಫ್‌ಪಿಜಿಎಯಲ್ಲಿ (ಬೇಕಾದಂತೆ ಪ್ರೋಗ್ರಾಂ ಮಾಡಬಹುದಾದ ಚಿಪ್) 4,096 ಚಾನೆಲ್, ಒಂದೊಂದು ಸುಮಾರು 30 ಕಿಲೋಹರ್ಟ್ಸ್. ಬೆಲೆ ಇಪ್ಪತ್ತೈದು ಡಾಂಗಲ್. ಕೊಳ್ಳುವಾಗ ಕೈ ನಡುಗಿತು. ಈಗ ಹೇಳುತ್ತೇನೆ: ಈ ಕೆಲಸಕ್ಕೆ ಕೈಹಾಕುವವರು ಮೊದಲ ದಿನವೇ ಇದನ್ನು ಕೊಳ್ಳಿ, ಇಲ್ಲವೇ ಕೈಹಾಕಬೇಡಿ. ನಡುದಾರಿ ಇಲ್ಲ.

ಇನ್ನು ಕೇಬಲ್‌ನ ಕಥೆ. ಇದನ್ನು ನಾನು ಯಾವತ್ತೂ ಮರೆಯಲಾರೆ.

ಹೊಸ ಬೋರ್ಡ್ ಬಂದ ಮೊದಲ ವಾರ. ಆಂಟೆನಾ ಬಯಲಿನಲ್ಲಿ, ರಿಸೀವರ್ ಕೋಣೆಯಲ್ಲಿ, ನಡುವೆ 12 ಮೀಟರ್ ಕೋ-ಆಕ್ಸ್ ಕೇಬಲ್. ರಾತ್ರಿ ಪೂರ್ತಿ ಸರಾಸರಿ ಮಾಡಿ ಬೆಳಿಗ್ಗೆ ವಕ್ರರೇಖೆ ಕಳೆದೆ. 72 ಮೆಗಾಹರ್ಟ್ಸ್‌ನಲ್ಲಿ ಒಂದು ಗುಂಡಿ! ಎರಡೂ ಕಡೆ ಚೆಂದಕ್ಕೆ ಏರಿದ ದಂಡೆ. ಎದೆ ಬಡಿದುಕೊಳ್ಳತೊಡಗಿತು. ಗೆಳೆಯನಿಗೆ ಕಳಿಸಿದೆ, ಅವನು ಅರ್ಧ ಗಂಟೆಯಲ್ಲಿ ಓಡಿ ಬಂದ. ಇಬ್ಬರೂ ಪರದೆಯ ಮುಂದೆ ಮಾತಿಲ್ಲದೆ ಕುಳಿತಿದ್ದೆವು. ಅವನೇ ಕೇಳಿದ, "ಗುಂಡಿ ಒಂದೇನಾ?" ಸ್ಕೇಲ್ ಹಿಗ್ಗಿಸಿ ನೋಡಿದರೆ 64ರ ಹತ್ತಿರ ಒಂದು, 80ರ ಹತ್ತಿರ ಇನ್ನೊಂದು, ಕಡಿಮೆ ಆಳದವು. ಎಂಟೆಂಟು ಮೆಗಾಹರ್ಟ್ಸ್‌ಗೊಂದು. ಕೇಬಲ್‌ನ ತುದಿಗಳಿಗೆ ಬಡಿದು ಅಲೆ ಪ್ರತಿಫಲಿಸಿದರೆ ಹೀಗಾಗುತ್ತದೆ. 12 ಮೀಟರ್ ಕೇಬಲ್‌ನಲ್ಲಿ ಅಲೆ ಹೋಗಿ ಬರುವ ದಾರಿ 24 ಮೀಟರ್, ಕೇಬಲ್‌ನೊಳಗಿನ ವೇಗ ಬೆಳಕಿನ 0.66. ವೇಗವನ್ನು ದಾರಿಯಿಂದ ಭಾಗಿಸಿ ನೋಡಿ: 8.25 ಮೆಗಾಹರ್ಟ್ಸ್. ಆದರೂ ಮನಸ್ಸು ಒಪ್ಪಲಿಲ್ಲ. ಕಟಿಂಗ್ ಪ್ಲೈಯರ್ ತಂದು ಕೇಬಲನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿ, ಕನೆಕ್ಟರ್ ಬೆಸೆದು, ಮತ್ತೊಂದು ರಾತ್ರಿ ಓಡಿಸಿದೆ. ಗುಂಡಿ ಜಾಗ ಬದಲಿಸಿತ್ತು, ಅಗಲ ಎರಡರಷ್ಟಾಗಿತ್ತು. ಅಂದರೆ ಮೊದಲಿಗಿಂತಲೂ ಹೆಚ್ಚು "ನಿಜವಾದ ಸಂಕೇತ"ದ ಹಾಗೆ ಕಾಣುತ್ತಿತ್ತು. ಅದೇ ಭಯ ಹುಟ್ಟಿಸಿದ್ದು. ಕೇಬಲ್ ಕಿರಿದಾದಷ್ಟೂ ಸುಳ್ಳು ಅಗಲವಾಗುತ್ತದೆ, ನಾವು ಹುಡುಕುವ ಸಂಕೇತದ ಅಗಲಕ್ಕೆ ಬಂದು ಕೂರುತ್ತದೆ.

ನಾಯ್ಸ್ (ಅಳತೆಯಲ್ಲಿನ ಅಡ್ಡಾದಿಡ್ಡಿ ಏರಿಳಿತ) ಇಲ್ಲಿ ಶತ್ರುವೇ ಅಲ್ಲ. 2,000 ಕೆಲ್ವಿನ್ ಆಕಾಶ, 1 ಮೆಗಾಹರ್ಟ್ಸ್ ಅಗಲ, ಒಂದು ಗಂಟೆ: ರೇಡಿಯೋಮೀಟರ್ ಸಮೀಕರಣ (ಎಷ್ಟು ಹೊತ್ತು ಕೇಳಿದರೆ ನಾಯ್ಸ್ ಎಷ್ಟಕ್ಕೆ ಇಳಿಯುತ್ತದೆ ಎಂಬ ಲೆಕ್ಕ) ಕೊಡುವುದು 0.03 ಕೆಲ್ವಿನ್. ಒಂದೇ ಗಂಟೆ! ಸಮಯ ಕೊಟ್ಟರೆ ನಾಯ್ಸ್ ತಾನೇ ಕರಗುತ್ತದೆ. ಉಪಕರಣ ಹೇಳುವ ಸುಳ್ಳು ಎಷ್ಟು ರಾತ್ರಿ ಕೂತರೂ ಕರಗುವುದಿಲ್ಲ.

ಈಗ ಮ್ಯಾಚ್ ವಿಷಯ. ಚೆನ್ನಾಗಿ ಮ್ಯಾಚ್ ಆದ ಆಂಟೆನಾ ಅಂದರೆ ಪಟ್ಟಿಯ ನಡುವೆ ಎಲ್ಲೋ ಅನುರಣಿಸುವ ಆಂಟೆನಾ. ಅನುರಣನ ಇದ್ದಲ್ಲಿ ಎಸ್11 ಗುಂಡಿ ಬೀಳುತ್ತದೆ, ಆ ಗುಂಡಿಯ ನೆರಳು ಸ್ಪೆಕ್ಟ್ರಮ್ ಮೇಲೆ ಬೀಳುತ್ತದೆ. ನನಗೆ ಬೇಕಾದದ್ದು ಹೆಚ್ಚು ಶಕ್ತಿ ಅಲ್ಲ, ನುಣುಪು. ಶಂಕುವಿನ ಎತ್ತರ 85 ಮೆಗಾಹರ್ಟ್ಸ್‌ನ ಕಾಲು ತರಂಗಾಂತರಕ್ಕಿಂತ, ಅಂದರೆ 88 ಸೆಂಟಿಮೀಟರ್‌ಗಿಂತ ಕಡಿಮೆ ಇರಲಿ ಅಂತ 70ಕ್ಕೆ ನಿಲ್ಲಿಸಿದೆ. ತುದಿ ಕೆಳಗೆ, ಬಾಯಿ ಮೇಲೆ, ಅಡಿಯಲ್ಲಿ ತಟ್ಟೆ. 55ರಲ್ಲಿ ಎಸ್11 ಮೈನಸ್ 1, 85ರಲ್ಲಿ ಮೈನಸ್ 5 ಚಿಲ್ಲರೆ. ಕೆಳತುದಿಯಲ್ಲಿ ಐದರಲ್ಲಿ ನಾಲ್ಕು ಪಾಲು ಶಕ್ತಿ ವಾಪಸ್ ಹೋಗುತ್ತದೆ, ಹೋಗಲಿ. ಈ ಪಟ್ಟಿಯಲ್ಲಿ ಆಕಾಶ ಅಷ್ಟು ಬಿಸಿ ಇದೆ, ಐದನೇ ಒಂದು ಪಾಲು ಸಿಕ್ಕರೂ ಆಂಪ್ಲಿಫೈಯರ್‌ನ ನಾಯ್ಸ್‌ಗಿಂತ ಎಷ್ಟೋ ಮೇಲಿರುತ್ತದೆ. ಮುಖ್ಯ ಏನೆಂದರೆ ಗ್ರಾಫ್ ಒಂದೇ ಇಳಿಜಾರಿನಲ್ಲಿ ಸುಮ್ಮನೆ ಜಾರುತ್ತದೆ, ಎಲ್ಲೂ ಬಳುಕುವುದಿಲ್ಲ.

ಒಂದು ಷರತ್ತು ಇದೆ. ಮಿಸ್‌ಮ್ಯಾಚ್ ಆಂಟೆನಾ ಎಂದರೆ ಕನ್ನಡಿ. ಆಂಪ್ಲಿಫೈಯರ್‌ನಿಂದ ಹಿಂದಕ್ಕೆ ಹೊರಟ ನಾಯ್ಸ್ ಆ ಕನ್ನಡಿಗೆ ಬಡಿದು ತಿರುಗಿ ಬರುತ್ತದೆ. ನಡುವೆ ಕೇಬಲ್ ಇದ್ದರೆ ಮತ್ತೆ ಅದೇ ಸುಳ್ಳು ಗುಂಡಿಗಳು. ಆದ್ದರಿಂದ ಕೇಬಲ್ಲೇ ಇರಬಾರದು. ಶಂಕುವಿನ ತುದಿಯನ್ನು ನೇರ ಆಂಪ್ಲಿಫೈಯರ್ ಬೋರ್ಡ್‌ನ ಪಿನ್‌ಗೆ ಬೆಸೆದೆ. ಡಬ್ಬಿ ತಟ್ಟೆಯ ಕೆಳಗೇ ಕೂರುತ್ತದೆ. ಇದರಲ್ಲಿ ಎರಡು ಆಂಪ್ಲಿಫೈಯರ್ ಸುಟ್ಟವು, ಎರಡೂ ಒಣಹವೆಯ ದಿನ, ಶಂಕು ಮುಟ್ಟಿದ ಕೂಡಲೇ. ಸ್ಥಿರವಿದ್ಯುತ್. ಈಗ ದೊಡ್ಡ ರೆಸಿಸ್ಟರ್ ಒಂದನ್ನು ನೆಲಕ್ಕೆ ಕಟ್ಟಿದ್ದೇನೆ, ಮುಟ್ಟುವ ಮೊದಲು ತಟ್ಟೆಗೆ ಕೈ ಇಡುತ್ತೇನೆ.

ಕ್ಯಾಲಿಬ್ರೇಶನ್‌ಗೆ (ಅಳತೆಯನ್ನು ಗೊತ್ತಿರುವ ಮಾನಕ್ಕೆ ಹೋಲಿಸುವುದಕ್ಕೆ) ಭೌತವಿಜ್ಞಾನಿ ಡಿಕಿ 1946ರಲ್ಲಿ ತೋರಿಸಿಕೊಟ್ಟ ದಾರಿಯೇ: ಆಂಟೆನಾ, ಟರ್ಮಿನೇಟರ್ (ತಾಪಮಾನ ಗೊತ್ತಿರುವ ರೆಸಿಸ್ಟರ್), ಟರ್ಮಿನೇಟರ್ ಜೊತೆ ನಾಯ್ಸ್ ಡಯೋಡ್ (ಒಂದೇ ಸಮ ನಾಯ್ಸ್ ಹುಟ್ಟಿಸುವ ಬಿಡಿಭಾಗ), ಸೆಕೆಂಡಿಗೊಂದರಂತೆ ಸುತ್ತು. ಮೊದಲು ರಿಲೇ ಹಾಕಿದ್ದೆ. ದಿನಕ್ಕೆ 86,400 ಸಲ ಟಕ್ ಟಕ್ ಅನ್ನಬೇಕು. ಹತ್ತು ದಿನ ದಾಟುವಷ್ಟರಲ್ಲಿ ಸಂಪರ್ಕದ ರೋಧ ಬದಲಾಗಿ ಅಂಕಿಗಳು ಜಾರತೊಡಗಿದವು, ನಾನು ಅದನ್ನು ಹವಾಮಾನದ ಏರುಪೇರು ಅಂದುಕೊಂಡು ಒಂದು ತಿಂಗಳು ಕಳೆದೆ. ಈಗ ಪಿನ್ ಡಯೋಡ್ ಸ್ವಿಚ್. ನಾಯ್ಸ್ ಡಯೋಡ್‌ಗೆ ಶಕ್ತಿ ತಗ್ಗಿಸುವ ಪ್ಯಾಡ್ ಹಾಕಿ, ಆಕಾಶ ಆಂಟೆನಾದ ಮೂಲಕ ಎಷ್ಟು ಕೊಡುತ್ತದೋ ಹೆಚ್ಚುಕಡಿಮೆ ಅಷ್ಟಕ್ಕೇ ಸಮ ಮಾಡಿ. ಎಡಿಸಿಯ ವಕ್ರತೆ ಅರ್ಧಕ್ಕರ್ಧ ಅಲ್ಲೇ ಹೋಗುತ್ತದೆ.

ಡಯೋಡ್ ಎಷ್ಟು ಕೆಲ್ವಿನ್ ಕೊಡುತ್ತದೆ ಅಂತ ಅಳೆಯುವುದು ಟರ್ಮಿನೇಟರನ್ನು ಮಂಜುಗಡ್ಡೆಯ ನೀರಿನಲ್ಲಿ ಮತ್ತು ಕುದಿಯುವ ನೀರಿನಲ್ಲಿ ಮುಳುಗಿಸಿ. 273 ಮತ್ತು 373 ಕೆಲ್ವಿನ್, ನಡುವೆ ನೂರು ಮಾತ್ರ, ಆದರೂ ಹತ್ತಿಪ್ಪತ್ತು ಸಲ ಮಾಡಿದರೆ ಸಾಕಾಗುತ್ತದೆ. ಮೊದಲ ಸಲ ಬಂದ ಉತ್ತರದ ಪ್ರಕಾರ ನನ್ನ ಆಂಪ್ಲಿಫೈಯರ್‌ನ ನಾಯ್ಸ್ ತಾಪಮಾನ ಸೊನ್ನೆಗಿಂತ ಕೆಳಗೆ! ಪ್ಲಾಸ್ಟಿಕ್ ಸುತ್ತಿದ್ದರೂ ಕನೆಕ್ಟರ್‌ನೊಳಗೆ ಒಂದು ಹನಿ ನೀರು ಹೋಗಿತ್ತು. ಅಂದಿನಿಂದ ಟರ್ಮಿನೇಟರನ್ನು ತಾಮ್ರದ ಕೊಳವೆಯೊಳಗೆ ಬೆಸೆದು ಮುಚ್ಚಿಯೇ ಮುಳುಗಿಸುವುದು.

ಇಷ್ಟೆಲ್ಲ ಆದ ಮೇಲೂ ವಕ್ರರೇಖೆ ಕಳೆದ ಮೇಲಿನ ಉಳಿಕೆ 40 ಕೆಲ್ವಿನ್‌ನಿಂದ ಕೆಳಗಿಳಿಯಲಿಲ್ಲ. ಅದಕ್ಕಿಂತ ಕಾಡಿದ್ದು, ಒಂದು ಮಳೆ ಬಿದ್ದರೆ ಗೆರೆಯ ಆಕಾರವೇ ಬದಲಾಗುತ್ತಿತ್ತು. ಮಣ್ಣು ಒಣಗಿದಂತೆ ನಾಲ್ಕೈದು ದಿನದಲ್ಲಿ ಮೆಲ್ಲಗೆ ಹಿಂದಕ್ಕೆ ಬರುತ್ತಿತ್ತು. ಆಂಟೆನಾದ ಅರ್ಧ ಸಂಸಾರ ಕೆಳಗಿನ ನೆಲದಲ್ಲಿದೆ, ನೆಲ ಏನೆಂದು ನಮಗೆ ಗೊತ್ತಿಲ್ಲ. ಮೇಲೆ ಮಣ್ಣು, ಕೆಳಗೆ ಬಂಡೆ, ಎಷ್ಟು ಆಳದಲ್ಲಿ, ಎಷ್ಟು ತೇವ? ನೆಲದ ಮೇಲೆ ಲೋಹದ ಬಲೆ ಹಾಸಿದೆ, 4 ಮೀಟರ್ ಚೌಕ. ಇನ್ನೂ ಕೆಟ್ಟಿತು. ಬಲೆಯ ಅಂಚು ತಾನೇ ಪ್ರತಿಫಲಿಸುತ್ತದೆ. ದೊಡ್ಡವರಿಗೂ ಇದೇ ಪಾಡು: ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇದೇ ಸಂಕೇತ ಹುಡುಕಿದ ಎಡ್ಜಸ್ ತಂಡ ಕೊನೆಗೆ 30 ಮೀಟರ್ ಅಗಲದ, ಅಂಚಿಗೆ ಗರಗಸದ ಹಲ್ಲಿನಂತೆ ಕತ್ತರಿಸಿದ ಬಲೆ ಹಾಸಿತು. 2018ರಲ್ಲಿ ಅವರು 78 ಮೆಗಾಹರ್ಟ್ಸ್‌ನಲ್ಲಿ ಅರ್ಧ ಕೆಲ್ವಿನ್ ಆಳದ, 19 ಮೆಗಾಹರ್ಟ್ಸ್ ಅಗಲದ ಗುಂಡಿ ಪ್ರಕಟಿಸಿದಾಗ, ಸಿದ್ಧಾಂತಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಆಳ ಇದೆಯಲ್ಲ, ನೆಲದ ಬಲೆಯೇ ಅನುರಣಿಸಿರಬಹುದೇ ಅಂತ ಕೇಳಿದವರಿದ್ದಾರೆ. 12 ಮೀಟರ್ ಕೇಬಲ್ ಕತ್ತರಿಸಿದ ನನಗೆ ಆ ಪ್ರಶ್ನೆ ಎಷ್ಟು ನೋವಿನದು ಅಂತ ಗೊತ್ತು.

ನೀರಿನ ದಾರಿ ತೋರಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಸರಸ್ 3 ಪ್ರಯೋಗ. 2020ರ ಆರಂಭದಲ್ಲಿ ಅವರು ಶಂಕು-ತಟ್ಟೆ ಆಂಟೆನಾವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಸಿದರು. 2022ರಲ್ಲಿ ಬಂದ ಫಲಿತಾಂಶ: ಎಡ್ಜಸ್ ಹೇಳಿದ ಆಕಾರದ ಗುಂಡಿ ಆಕಾಶದಲ್ಲಿಲ್ಲ, ಶೇಕಡ 95.3ರ ಖಚಿತತೆಯೊಂದಿಗೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜಲಜನಕ ಹುಡುಕಲು ಜಲದ ಮೇಲೇ ಕೂರಬೇಕು! ನೀರು ಎಲ್ಲ ಕಡೆ ಒಂದೇ ಥರ, ಬಂಡೆ ಇಲ್ಲ, ಪದರ ಇಲ್ಲ, ಮಳೆ ಬಂದರೂ ನೀರು ನೀರೇ.

ಗುಂಪಿನಲ್ಲಿ ಹೇಳಿದೆ. "ಅವರದು ಸಂಸ್ಥೆ, ನಿನ್ನದು ತಗಡು" ಅಂತ ಉತ್ತರ ಬಂತು.

ನೀರಿಗಿಳಿಯುವ ಮೊದಲು ತೊಟ್ಟಿಯಲ್ಲಿ ಆಟ ಆಡಿ ನೋಡಿದೆ. ಇದಕ್ಕೆ ಹಣ ಹೆಚ್ಚು ಬೇಡ, ಎಸ್11 ಅಳೆಯುವ, ಎರಡು ಡಾಂಗಲ್ ಬೆಲೆಯ ನ್ಯಾನೋವಿಎನ್ಎ ಉಪಕರಣ ಸಾಕು. ಶಂಕುವಿನ ಹತ್ತನೇ ಒಂದು ಅಳತೆಯ ಮಾದರಿ, 7 ಸೆಂಟಿಮೀಟರ್, 550-850 ಮೆಗಾಹರ್ಟ್ಸ್‌ನಲ್ಲಿ. ಅಳತೆ ಹತ್ತು ಪಟ್ಟು ಇಳಿಸಿದರೆ ನೀರಿನ ವಾಹಕತೆಯನ್ನು ಹತ್ತು ಪಟ್ಟು ಏರಿಸಬೇಕು, ಇಲ್ಲದಿದ್ದರೆ ಮಾದರಿ ಸುಳ್ಳು ಹೇಳುತ್ತದೆ. ಲೀಟರಿಗೆ ಸುಮಾರು 1 ಗ್ರಾಂ ಉಪ್ಪು ಕರಗಿಸಿದೆ, ನಾನು ಅಳೆದ ಕೆರೆಯ ನೀರಿಗೆ ಅದು ಸರಿಹೊಂದಿತು. ಮರಳಿನ ಮೇಲೆ ಇಟ್ಟಾಗ ಎಸ್11 ಬಳುಕುತ್ತಿತ್ತು. ಉಪ್ಪುನೀರಿನ ಮೇಲೆ ಇಟ್ಟ ಕೂಡಲೇ ದಾರ ಎಳೆದ ಹಾಗೆ ನೇರವಾಯಿತು. ಆದರೆ ನೀರು ಒಂದು ಗೇಣಿಗಿಂತ ಕಡಿಮೆ ಇದ್ದರೆ ತೊಟ್ಟಿಯ ತಳ ಕಾಣಿಸಿಕೊಳ್ಳುತ್ತಿತ್ತು. ಈ ಸೂಚನೆಯನ್ನು ನಾನು ನೋಡಿದೆ, ಟಿಪ್ಪಣಿ ಪುಸ್ತಕದಲ್ಲಿ ಬರೆದೂ ಬರೆದೆ, ಮರೆತೆ.

ಮೊದಲ ತೆಪ್ಪ ನಾಲ್ಕು ಪ್ಲಾಸ್ಟಿಕ್ ಡ್ರಮ್‌ಗಳದ್ದು. ತೇಲಿತು, ಗಟ್ಟಿಯಾಗಿತ್ತು, ಎಲ್ಲರೂ ಮೆಚ್ಚಿದರು. ಫಲಿತಾಂಶ ಬಯಲಿಗಿಂತ ಸ್ವಲ್ಪವೇ ವಾಸಿ. ನೀರಿನಲ್ಲಿ ಮುಳುಗಿದ ಗಾಳಿ ತುಂಬಿದ ಡ್ರಮ್ ಅಂದರೆ ರೇಡಿಯೋ ಅಲೆಗೆ ನಾಲ್ಕು ದೊಡ್ಡ ತೂತು. ಒಂದೇ ಥರದ ನೆಲ ಬೇಕು ಅಂತ ಕೆರೆಗೆ ಬಂದು ನಾನೇ ಅದರಲ್ಲಿ ಹಳ್ಳ ತೋಡಿದ್ದೆ. ಡ್ರಮ್ ಕಿತ್ತು ದಪ್ಪ ಥರ್ಮಾಕೋಲ್ ಹಲಗೆಗಳನ್ನು ಒಂದೇ ಸಮ ಹಾಸಿ ಹಗ್ಗದಲ್ಲಿ ಬಿಗಿದೆ. ಒಂದು ಮೊಳೆ, ಒಂದು ಬೋಲ್ಟ್ ಕೂಡ ಇಲ್ಲ. ಮೂರು ದಿಕ್ಕಿಗೆ ಮೂರು ಲಂಗರು, ಇಲ್ಲದಿದ್ದರೆ ಗಾಳಿಗೆ ತೆಪ್ಪ ಬುಗುರಿಯಂತೆ ತಿರುಗುತ್ತದೆ.

ಎರಡನೇ ಸಲ ಉಳಿಕೆ 15 ಕೆಲ್ವಿನ್‌ಗೆ ಬಂತು, ಆದರೆ ಮತ್ತೆ ಅದೇ ಎಂಟು ಮೆಗಾಹರ್ಟ್ಸ್‌ನ ಬಳುಕು. ಕೇಬಲ್ಲೇ ಇಲ್ಲವಲ್ಲ! ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ತೊಟ್ಟಿ ನೆನಪಾಯಿತು. ತೆಪ್ಪ ನಿಂತಿದ್ದ ಕಡೆ ನೀರು 2 ಮೀಟರ್. ನೀರಿನಲ್ಲಿ ರೇಡಿಯೋ ಅಲೆ ಒಂಬತ್ತು ಪಟ್ಟು ನಿಧಾನ, ತಳಕ್ಕೆ ಹೋಗಿ ಬರುವ 4 ಮೀಟರ್ ಗಾಳಿಯಲ್ಲಿ 36 ಮೀಟರ್‌ಗೆ ಸಮ. ಭಾಗಿಸಿದರೆ 8.3. ಕೆರೆಯ ತಳವೇ ನನ್ನ ಹಳೇ ಕೇಬಲ್ ಆಗಿ ಕುಳಿತಿತ್ತು. ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಆಳ ಅಳೆಯುತ್ತಾ ಹೋಗಿ, ದಂಡೆಯಿಂದ ದೂರ, ಸುಮಾರು 7 ಮೀಟರ್ ಇರುವ ಕಡೆ ಲಂಗರು ಹಾಕಿದೆ. ಅಂಥ ನೀರಿನಲ್ಲಿ ಅಲೆ ಎರಡೂವರೆ ಮೀಟರ್‌ಗೊಮ್ಮೆ ಮೂರನೇ ಒಂದಕ್ಕೆ ಇಳಿಯುತ್ತದೆ. ಹೋಗಿ ಬರುವ 14 ಮೀಟರ್‌ನಲ್ಲಿ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು. ಬಳುಕು ಸತ್ತಿತು.

ಆಮೇಲೆ ಇಬ್ಬನಿ. ಬೆಳಗಿನ ಜಾವ ನಾಲ್ಕರ ಮೇಲೆ ಪ್ರತಿದಿನ ಗೆರೆ ಶೇಕಡ ಎರಡು ಮೂರು ಜಾರುತ್ತಿತ್ತು, ಬಿಸಿಲೇರಿದ ಮೇಲೆ ಸರಿಹೋಗುತ್ತಿತ್ತು. ಒಂದು ದಿನ ನಸುಕಿನಲ್ಲೇ ಹರಿಗೋಲಿನಲ್ಲಿ ಹೋಗಿ ಟಾರ್ಚ್ ಹಿಡಿದು ನೋಡಿದೆ. ಶಂಕುವಿನ ಮೈ ಮೇಲಿಂದ ಇಳಿದ ಹನಿಗಳು ತುದಿಗೆ ಬಂದು, ತುದಿಗೂ ತಟ್ಟೆಗೂ ನಡುವಿನ ಮೂರು ಮಿಲಿಮೀಟರ್ ಸಂದಿಯಲ್ಲಿ ಒಂದು ಹನಿಯಾಗಿ ನಿಂತಿದ್ದವು. ಆಕಾಶವೆಲ್ಲ ಆ ಸಂದಿಯ ಮೂಲಕವೇ ಒಳಗೆ ಬರಬೇಕು, ಆ ಬಾಗಿಲಲ್ಲಿ ನೀರಿನ ಹನಿ. ಅದನ್ನು ಹೇಗೆ ತಡೆದೆ ಅನ್ನುವುದನ್ನು ಈಗ ಬರೆಯುವುದಿಲ್ಲ, ಇನ್ನೊಂದು ಸೀಸನ್ ನೋಡಬೇಕು. ಮೇಣ, ಸಿಲಿಕೋನ್ ಎರಡೂ ನಡೆಯಲಿಲ್ಲ ಅಂತ ಮಾತ್ರ ಹೇಳುತ್ತೇನೆ. ಹಾಗೇ, ಮಿಂಚು ಮತ್ತು ಗದ್ದಲ ಇರುವ ಸೆಕೆಂಡುಗಳನ್ನು ಯಾವ ಕ್ರಮದಲ್ಲಿ ಕಿತ್ತುಹಾಕುತ್ತೇನೆ ಅನ್ನುವುದೂ ನನ್ನ ಹತ್ತಿರವೇ ಇರಲಿ. ಅದರಲ್ಲಿ ಒಂದು ಕೆಲ್ವಿನ್‌ಗಿಂತ ಹೆಚ್ಚು ಲಾಭ ಇದೆ.

ತೆಪ್ಪದ ಮೇಲಿನ ಕಂಪ್ಯೂಟರ್ ತಾನೇ ದೊಡ್ಡ ಟ್ರಾನ್ಸ್‌ಮಿಟರ್ ಅನ್ನುವುದು ನಿಮಗೆಲ್ಲ ಗೊತ್ತು. ಡಬ್ಬಿಯೊಳಗೆ ಡಬ್ಬಿ, ಮುಚ್ಚಳದ ಸುತ್ತ ತಾಮ್ರದ ಟೇಪ್, ಸ್ವಿಚಿಂಗ್ ಸಪ್ಲೈ ಬದಲು ಲೀನಿಯರ್ ರೆಗ್ಯುಲೇಟರ್, ವೈಫೈ ಚಿಪ್‌ಗೆ ವಿದ್ಯುತ್ತೇ ಇಲ್ಲ. ಡೇಟಾ ಕಾರ್ಡ್‌ಗೆ ಹೋಗುತ್ತದೆ, ಬೆಳಿಗ್ಗೆ ಹೋಗಿ ತರುತ್ತೇನೆ. ಬ್ಯಾಟರಿ ಒಂದು ರಾತ್ರಿಗೆ ಸರಿಯಾಗುತ್ತದೆ, ಎರಡನೆಯದು ಬದಲಿಗೆ.

ಗೆರೆ ನುಣುಪಾದರೆ ಸಾಲದು, ಅದು ಆಕಾಶವೇ ಅಂತ ತೋರಿಸಬೇಕಲ್ಲ. ಆಕಾಶದ ರೇಡಿಯೋ ಅಲೆಯನ್ನು ಮೊದಲು ಗುರುತಿಸಿದ ಜಾನ್ಸ್ಕಿ 1933ರಲ್ಲಿ ಹೇಳಿದ ಗುರುತು ಇವತ್ತಿಗೂ ಅದೇ: ಗಡಿಯಾರದ ಹೊತ್ತಿಗೆ ಬರುವುದು ಮನುಷ್ಯನದು, ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುವುದು ನಕ್ಷತ್ರಲೋಕದ್ದು. ಹನ್ನೊಂದು ರಾತ್ರಿಯಲ್ಲಿ ಆಕಾಶಗಂಗೆಯ ಏರು ಸುಮಾರು ನಲವತ್ತು ನಿಮಿಷ ಮುಂಚೆ ಬರತೊಡಗಿತು, ಲೆಕ್ಕಕ್ಕೆ ಸರಿಯಾಗಿ. ಮಿಸ್‌ಮ್ಯಾಚ್ ತಿದ್ದುಪಡಿ ಹಾಕಿ, ಆಕಾಶಗಂಗೆ ಮೇಲಿದ್ದಾಗಿನ ಅಳತೆಯಿಂದ ಕೆಳಗಿದ್ದಾಗಿನದ್ದನ್ನು ಕಳೆದು ಟಿ-ಟಿ ಪ್ಲಾಟ್ (ಒಂದು ಆವರ್ತನದ ತಾಪಮಾನವನ್ನು ಇನ್ನೊಂದರದ್ದಕ್ಕೆ ಎದುರಿಟ್ಟ ಗ್ರಾಫ್) ಎಳೆದರೆ ಸ್ಪೆಕ್ಟ್ರಲ್ ಇಂಡೆಕ್ಸ್ (ಆವರ್ತನ ಏರಿದಂತೆ ಆಕಾಶದ ಬಿಸಿ ಎಷ್ಟು ಬೇಗ ಇಳಿಯುತ್ತದೆ ಎಂಬ ಅಂಕಿ) 2.5ರ ಹತ್ತಿರ ಬಂತು, 2.48ರಿಂದ 2.55ರೊಳಗೆ. ಬಯಲಿನಲ್ಲಿದ್ದಾಗ ಒಮ್ಮೆ 2.1, ಒಮ್ಮೆ 2.9 ಬರುತ್ತಿತ್ತು. ಈ ಇಂಡೆಕ್ಸ್‌ನಲ್ಲಿ 55 ಮೆಗಾಹರ್ಟ್ಸ್‌ನ ಆಕಾಶ 85ರದ್ದಕ್ಕಿಂತ ಸುಮಾರು ಮೂರು ಪಟ್ಟು ಬಿಸಿ. ಆ ಮೂರು ಪಟ್ಟನ್ನು ನನ್ನ ತಗಡಿನ ಶಂಕು ಸರಿಯಾಗಿ ಹೇಳಿತು.

ದಾರಿ ತಪ್ಪಿದ ಸಂತೋಷವೂ ಒಂದಿದೆ. ಒಂದು ಬೆಳಿಗ್ಗೆ ಕಾರ್ಡ್ ತೆಗೆಯುವುದು ತಡವಾಗಿ ರೆಕಾರ್ಡಿಂಗ್ ಮಧ್ಯಾಹ್ನದವರೆಗೂ ಓಡಿತ್ತು. ವಾಟರ್‌ಫಾಲ್‌ನಲ್ಲಿ (ಹೊತ್ತು ಸರಿದಂತೆ ಸ್ಪೆಕ್ಟ್ರಮ್ ಬದಲಾಗುವುದನ್ನು ತೋರಿಸುವ ಚಿತ್ರ) ಇಡೀ ಪಟ್ಟಿಗೆ ಅಡ್ಡಲಾಗಿ ಉರಿಯುವ ಗೆರೆಗಳು, 85ರಲ್ಲಿ ಶುರುವಾಗಿ ಒಂದೆರಡು ಸೆಕೆಂಡಿನಲ್ಲಿ 55ಕ್ಕೆ ಜಾರಿದವು. ಸೂರ್ಯನ ಟೈಪ್ 3 ರೇಡಿಯೋ ಸ್ಫೋಟಗಳು. ಮೂರು ವಾರ ನಾನು ಆದಿಕಾಲದ ಜಲಜನಕ ಬಿಟ್ಟು ಹಗಲೂ ಸೂರ್ಯನನ್ನೇ ಕಾದೆ. ಇಪ್ಪತ್ತೆರಡೋ ಇಪ್ಪತ್ತಮೂರೋ ಸಿಕ್ಕವು. ಅದನ್ನು ಬೇರೆಯಾಗಿ ಬರೆಯುತ್ತೇನೆ.

ಒಟ್ಟು ಖರ್ಚು ಹೆಚ್ಚುಕಡಿಮೆ 80 ಡಾಂಗಲ್. ಇವತ್ತು ತೆಪ್ಪದ ಮೇಲಿರುವ ಸಾಮಾನಿಗೆ 45, ಉಳಿದದ್ದು ದಾರಿಯಲ್ಲಿ ಹೋಯಿತು. ಶಂಕು-ತಟ್ಟೆಗೆ ಮೂರು, ತೆಪ್ಪಕ್ಕೆ ಐದು, ಅಷ್ಟೇ. ಎಲ್ಲರೂ ಅನುಮಾನಪಟ್ಟ ಭಾಗವೇ ಎಲ್ಲಕ್ಕಿಂತ ಅಗ್ಗದ್ದು.

ಹಿರಿಯರಿಗೆ ಗ್ರಾಫ್ ಕಳಿಸಿದ್ದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಫೋನ್ ಮಾಡಿ, ಹೊಗಳಲಿಲ್ಲ, ತೆಗಳಲಿಲ್ಲ. "80ರ ಮೇಲೆ ಒಂದು ಚೂರು ಏರಿದೆ ನೋಡು, ಅದು ಫಿಲ್ಟರಾ, ತಟ್ಟೆಯ ಅಂಚಾ?" ಅಂತ ಕೇಳಿದರು. ನಾನು ಎರಡು ತಿಂಗಳಿಂದ ನೋಡುತ್ತಿರುವ ಜಾಗ ಅದೇ. ಅಂಚು ಅಂತ ನನ್ನ ಗುಮಾನಿ. ತಟ್ಟೆಯ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿದ ಹೊಸ ತಗಡು ಸಿದ್ಧವಾಗಿದೆ. ಶನಿವಾರ ಗಾಳಿ ಇಲ್ಲದಿದ್ದರೆ ಕಟ್ಟಿ ಇಳಿಸುತ್ತೇವೆ. ಹರಿಗೋಲಿನಲ್ಲಿ ಅವರೂ ಬರುತ್ತಾರಂತೆ.